ತೈಲ ಕಂಪನಿಗಳು ಬಾವಿ ಕೊರೆಯುವ ಖರ್ಚು ಇಳಿಸಿದರೆ ಷೇರುದಾರನಿಗೆ ಸಿಗುವುದೇನು?

ಕಚ್ಚಾ ತೈಲದ ಬೆಲೆ ಬಿದ್ದಾಗಲೆಲ್ಲ ತೈಲ ಕಂಪನಿಗಳಿಂದ ಒಂದೇ ಧಾಟಿಯ ಪ್ರಕಟಣೆ ಹೊರಡುತ್ತದೆ. ಬಾವಿ ಕೊರೆಯುವ ಖರ್ಚು ಶೇಕಡಾ ಇಷ್ಟು ಇಳಿದಿದೆ, ಬರುವ ವರ್ಷ ಇನ್ನಷ್ಟು ಇಳಿಸುತ್ತೇವೆ, ಇಷ್ಟು ಸಾವಿರ ಹುದ್ದೆ ತೆಗೆಯುತ್ತೇವೆ ಎಂಬುದು ಅದರ ಸಾರ. 2025ರ ಫೆಬ್ರವರಿಯಲ್ಲಿ ಅಮೆರಿಕದ ಶೆವ್ರಾನ್ ಕಂಪನಿ 2026ರ ಕೊನೆಯೊಳಗೆ ತನ್ನ ನೌಕರರಲ್ಲಿ ಶೇ. 15ರಿಂದ 20ರಷ್ಟು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೊನೊಕೊಫಿಲಿಪ್ಸ್ ಕಂಪನಿ ಶೇ. 20ರಿಂದ 25 ಎಂದಿತು. ಇದೇ ಶೆವ್ರಾನ್ 2024ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ನೂರು ಕೋಟಿ ಡಾಲರ್ ಹೂಡಿ ದೊಡ್ಡ ಎಂಜಿನಿಯರಿಂಗ್ ಕೇಂದ್ರ ಕಟ್ಟುವುದಾಗಿಯೂ ಘೋಷಿಸಿದೆ. ದೊಡ್ಡ ಕಂಪನಿಗಳು ಖರ್ಚು ಇಳಿಸಲು ಹಿಡಿದ ದಾರಿಗಳಲ್ಲಿ ಇದೂ ಒಂದು. ಹಾಗಾಗಿ ಇದು ದೂರದ ಹ್ಯೂಸ್ಟನ್ನಿನ ಸುದ್ದಿ ಮಾತ್ರ ಅಲ್ಲ.

ಪೇಟೆಗೆ ಇಂಥ ಪ್ರಕಟಣೆ ಹಿಡಿಸುತ್ತದೆ. ಖರ್ಚು ಇಳಿಯಿತು ಎಂದರೆ ಲಾಭ ಏರಿತು ಎಂದು ಲೆಕ್ಕ ಹಾಕುವವರೇ ಹೆಚ್ಚು. ಆದರೆ ಬಾವಿಯ ಖರ್ಚು ಮೂರು ಬಗೆಯಲ್ಲಿ ಇಳಿಯಬಹುದು. ಕೆಲಸವನ್ನು ಜಾಣತನದಿಂದ ಮಾಡಿ ಇಳಿಸಬಹುದು, ಗುತ್ತಿಗೆದಾರನ ದರವನ್ನು ಹಿಂಡಿ ಇಳಿಸಬಹುದು, ಇಲ್ಲವೇ ಕೆಲಸವನ್ನೇ ನಿಲ್ಲಿಸಿ ಇಳಿಸಬಹುದು. ಪತ್ರಿಕೆಯ ಸುದ್ದಿಯಲ್ಲಿ ಮೂರೂ ಒಂದೇ ಅಂಕಿಯಾಗಿ ಕಾಣುತ್ತವೆ. ಷೇರುದಾರನ ಪಾಲಿಗೆ ಬರುವ ಫಲ ಮಾತ್ರ ಮೂರಕ್ಕೂ ಬೇರೆ ಬೇರೆ. ಡಿವಿಡೆಂಡ್ ಬರುತ್ತದೆಂದು ಓಎನ್‌ಜಿಸಿಯಂಥ ಷೇರನ್ನು ವರ್ಷಗಟ್ಟಲೆ ಇಟ್ಟುಕೊಂಡಿರುವ ಮನೆಗಳು ಸಮಾಜದಲ್ಲಿ ಅನೇಕ ಇವೆ. ನಿವೃತ್ತರ, ವಿಧವೆಯರ ಮನೆಖರ್ಚು ಕೆಲವೆಡೆ ಅದರ ಮೇಲೆ ನಿಂತಿದೆ. ಅಂಥವರಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಬೋರ್‌ವೆಲ್ ಲೆಕ್ಕ

ಬಯಲುಸೀಮೆಯಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ತೈಲ ಬಾವಿಯ ಲೆಕ್ಕ ಹೊಸದಲ್ಲ. ಅಡಿಗೆ ಇಷ್ಟು ಎಂದು ಕೊರೆಯುವ ದರ, ಕೇಸಿಂಗ್ ಪೈಪಿನ ದರ ಬೇರೆ, ಲಾರಿ ಬಂದು ನಿಂತ ದಿನಗಳ ಖರ್ಚು ಬೇರೆ. ನೀರು ಬೀಳದಿದ್ದರೂ ದುಡ್ಡು ಕೊಡಲೇಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಎಲ್ಲರಿಗೂ ಬೋರ್ ಬೇಕು, ಆಗ ಲಾರಿ ಸಿಗುವುದಿಲ್ಲ, ಏಜೆಂಟ್ ಹೇಳಿದ್ದೇ ದರ. ಒಳ್ಳೆಯ ಮಳೆ ಬಿದ್ದ ವರ್ಷ ಅದೇ ಏಜೆಂಟ್ ತಾನಾಗಿ ಫೋನು ಮಾಡಿ ದರ ಇಳಿಸುತ್ತಾನೆ.

ತೈಲದಲ್ಲೂ ಇದೇ ನಡೆ. ಬಾವಿ ಕೊರೆಯುವ ಯಂತ್ರಕ್ಕೆ ರಿಗ್ ಎನ್ನುತ್ತಾರೆ. ತೈಲ ಕಂಪನಿಗಳು ಬಹುಪಾಲು ರಿಗ್‌ಗಳನ್ನು ಬೇರೆಯವರಿಂದ ದಿನದ ಬಾಡಿಗೆಗೆ ತರುತ್ತವೆ. ಆಳ ಸಮುದ್ರದಲ್ಲಿ ಕೆಲಸ ಮಾಡುವ ರಿಗ್‌ಗೆ 2013-14ರ ತೇಜಿಯಲ್ಲಿ ದಿನಕ್ಕೆ 6 ಲಕ್ಷ ಡಾಲರ್‌ವರೆಗೂ ಬಾಡಿಗೆ ಇತ್ತು. ಮೂರು ವರ್ಷದೊಳಗೆ ಅದು 2 ಲಕ್ಷ ಡಾಲರಿಗಿಂತ ಕೆಳಗೆ ಬಂತು. ಬಾವಿ ಅದೇ, ಸಮುದ್ರ ಅದೇ, ಕೆಲಸವೂ ಅದೇ. ಬದಲಾದದ್ದು ಪೇಟೆಯ ದರ ಮಾತ್ರ. ಹೀಗೆ ಇಳಿದ ಖರ್ಚನ್ನು ಕಂಪನಿಯ ಆಡಳಿತದ ಸಾಮರ್ಥ್ಯ ಎಂದು ಬಗೆಯುವುದು, ಮಳೆಗಾಲದಲ್ಲಿ ಬೋರ್ ಅಗ್ಗವಾದದ್ದಕ್ಕೆ ಜಮೀನಿನ ಯಜಮಾನನ ಜಾಣತನವನ್ನು ಹೊಗಳಿದಂತೆ.

2014ರ ಮಂದಿಯಲ್ಲಿ ನಡೆದದ್ದು

ಈ ವಿಷಯಕ್ಕೆ 2014ರಿಂದ 2016ರ ಅವಧಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 2014ರ ಜೂನ್‌ನಲ್ಲಿ ಬ್ರೆಂಟ್ ತೈಲ ಬ್ಯಾರೆಲಿಗೆ 115 ಡಾಲರ್ ಆಸುಪಾಸಿನಲ್ಲಿತ್ತು. ಅಮೆರಿಕದಲ್ಲಿ ಶೇಲ್ ಎಂಬ ಬಿಗಿಯಾದ ಕಲ್ಲಿನ ಪದರದಿಂದ ತೈಲ ತೆಗೆಯುವ ಭರಾಟೆ ಏರಿ ಪೇಟೆಯಲ್ಲಿ ಸರಕು ಹೆಚ್ಚಾಯಿತು. ಅದೇ ವರ್ಷ ನವೆಂಬರ್ 27ರಂದು ಒಪೆಕ್ ದೇಶಗಳು ಸಭೆ ಸೇರಿ ಉತ್ಪಾದನೆ ಕಡಿಮೆ ಮಾಡುವುದಿಲ್ಲ ಎಂದು ತೀರ್ಮಾನಿಸಿದವು. ಬೆಲೆ ಕುಸಿಯಿತು. 2016ರ ಜನವರಿಯಲ್ಲಿ ಬ್ಯಾರೆಲಿಗೆ 30 ಡಾಲರಿಗಿಂತ ಕೆಳಗೆ ಇಳಿಯಿತು.

ಅಮೆರಿಕದಲ್ಲಿ 2014ರ ಅಕ್ಟೋಬರಿನಲ್ಲಿ ತೈಲಕ್ಕಾಗಿ ಕೊರೆಯುತ್ತಿದ್ದ ರಿಗ್‌ಗಳು 1,609. 2016ರ ಮೇ ತಿಂಗಳಲ್ಲಿ ಉಳಿದದ್ದು 316. ಐದರಲ್ಲಿ ನಾಲ್ಕು ರಿಗ್ ನಿಂತವು. ಉತ್ಪಾದನೆಯೂ ಅಷ್ಟೇ ಬೀಳುತ್ತದೆ ಎಂದು ಬಹಳ ಮಂದಿ ಎಣಿಸಿದ್ದರು. ಅದು ಬಿದ್ದದ್ದು ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲಿನಿಂದ 85-86 ಲಕ್ಷಕ್ಕೆ ಮಾತ್ರ. ಮುಂದೆ 2019ರಲ್ಲಿ 1 ಕೋಟಿ 20 ಲಕ್ಷ ಬ್ಯಾರೆಲನ್ನೂ ದಾಟಿತು. ಕಡಿಮೆ ರಿಗ್‌ನಿಂದ ಹೆಚ್ಚು ತೈಲ ಬಂದದ್ದು ಹೇಗೆ ಎಂಬುದರಲ್ಲಿ ನಿಜವಾದ ಉಳಿತಾಯದ ಗುಟ್ಟಿದೆ.

ಶೇಲ್ ಬಾವಿಯನ್ನು ಮೊದಲು ನೇರ ಕೆಳಗೆ ಕೊರೆದು, ಆಮೇಲೆ ತೈಲದ ಪದರದೊಳಗೆ ಅಡ್ಡಕ್ಕೆ ತಿರುಗಿಸುತ್ತಾರೆ. ಅಡ್ಡ ಕೊರೆತ ಮೊದಲು ಒಂದು ಮೈಲಿ ಆಸುಪಾಸಿನಲ್ಲಿತ್ತು, ಬರಬರುತ್ತಾ ಎರಡು ಮೈಲಿ ಸಾಮಾನ್ಯವಾಯಿತು. ಕೆಳಗೆ ಇಳಿಯುವ ಖರ್ಚು ಒಂದೇ, ತೈಲ ಸಿಗುವ ಉದ್ದ ಎರಡರಷ್ಟು. ಒಂದೇ ಕಟ್ಟೆಯಿಂದ ಹಲವು ಬಾವಿ ಕೊರೆಯುವುದೂ ರೂಢಿಗೆ ಬಂತು. ಒಂದು ಬಾವಿ ಮುಗಿಸಿ ರಿಗ್ ಬಿಚ್ಚಿ ಇನ್ನೊಂದು ಊರಿಗೆ ಸಾಗಿಸುವ ಬದಲು, ಅದನ್ನು ಕೆಲವು ಅಡಿ ಪಕ್ಕಕ್ಕೆ ಸರಿಸಿದರೆ ಸಾಕು. ತಿಂಗಳು ಹಿಡಿಯುತ್ತಿದ್ದ ಕೆಲಸ ವಾರಗಳಿಗೆ ಇಳಿಯಿತು. ಇಂಥ ಉಳಿತಾಯ ಬೆಲೆ ಮತ್ತೆ ಏರಿದರೂ ಕಂಪನಿಯ ಬಳಿಯೇ ಉಳಿಯುತ್ತದೆ, ಏಕೆಂದರೆ ಕಲಿತ ಕೆಲಸವನ್ನು ಯಾರೂ ವಾಪಸ್ ಕೇಳುವುದಿಲ್ಲ.

ಆದರೆ ಅಷ್ಟೂ ಉಳಿತಾಯ ಈ ಬಗೆಯದಾಗಿರಲಿಲ್ಲ. ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆಲದ ಮೇಲಿನ ಐದು ಮುಖ್ಯ ಪ್ರದೇಶಗಳಲ್ಲಿ 2015ರ ಬಾವಿ ಖರ್ಚು 2012ಕ್ಕಿಂತ ಶೇ. 25ರಿಂದ 30ರಷ್ಟು ಕಡಿಮೆ ಇತ್ತು. ಒಂದು ಬಾವಿಗೆ ಸರಾಸರಿ 49 ಲಕ್ಷದಿಂದ 83 ಲಕ್ಷ ಡಾಲರ್. ಈ ಇಳಿಕೆಯ ದೊಡ್ಡ ಪಾಲು ಗುತ್ತಿಗೆದಾರರ ಕಿಸೆಯಿಂದ ಬಂದದ್ದು. ಬಾವಿ ಸೇವೆಯ ದೊಡ್ಡ ಕಂಪನಿ ಶ್ಲುಂಬರ್ಜೆ 2015ರ ಜನವರಿಯಲ್ಲೇ 9,000 ಹುದ್ದೆ ಕಡಿತ ಘೋಷಿಸಿತು, ಅದು ಆರಂಭ ಮಾತ್ರ. ರಿಗ್ ಬಾಡಿಗೆಗೆ ಕೊಡುವ ಕಂಪನಿಗಳು ವರ್ಷಗಟ್ಟಲೆ ನಷ್ಟದಲ್ಲಿ ನಡೆದು, 2020ರ ಎರಡನೆಯ ಪೆಟ್ಟಿಗೆ ಡೈಮಂಡ್ ಆಫ್‌ಶೋರ್, ನೋಬಲ್, ವಲಾರಿಸ್ ಮೂರೂ ಅದೇ ವರ್ಷ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋದವು. ಅವುಗಳ ಹಳೆಯ ಷೇರುದಾರರಿಗೆ ಬಹುತೇಕ ಏನೂ ಉಳಿಯಲಿಲ್ಲ. ತೈಲ ಕಂಪನಿಯ ಪುಸ್ತಕದಲ್ಲಿ 'ಉಳಿತಾಯ' ಎಂದು ಬರೆದದ್ದು ಇವರ ಪುಸ್ತಕದಲ್ಲಿ ನಷ್ಟವಾಗಿತ್ತು. ಉಳಿದ ರಿಗ್‌ಗಳಿಗೆ ಮತ್ತೆ ಬೇಡಿಕೆ ಬಂದ ದಿನ ಅವರು ದರ ಏರಿಸದೆ ಬಿಡುವುದಿಲ್ಲ. 2022ರ ನಂತರ ಆದದ್ದೂ ಅದೇ.

ಸಮುದ್ರದಲ್ಲಿ ಇನ್ನೊಂದು ಬಗೆಯ ಉಳಿತಾಯ ಕಂಡಿತು. ನಾರ್ವೆಯ ಯೋಹಾನ್ ಸ್ವೆರ್ಡ್ರುಪ್ ಕ್ಷೇತ್ರದ ಮೊದಲ ಹಂತಕ್ಕೆ 2015ರಲ್ಲಿ 12,300 ಕೋಟಿ ಕ್ರೋನರ್ ಅಂದಾಜು ಇತ್ತು. 2019ರ ಅಕ್ಟೋಬರಿನಲ್ಲಿ ತೈಲ ಹರಿಯುವ ಹೊತ್ತಿಗೆ ಅಂದಾಜು 8,300 ಕೋಟಿ ಆಸುಪಾಸಿಗೆ ಇಳಿದಿತ್ತು. ಕಟ್ಟೆ ಬಂದು ನಿಲ್ಲುವ ಮೊದಲೇ ಕೆಲವು ಬಾವಿಗಳನ್ನು ಕೊರೆದಿಟ್ಟಿದ್ದರು, ಪೇಟೆಯ ಮಂದಿಯೂ ಸಹಾಯಕ್ಕೆ ಬಂತು. ಬಿಪಿ ಕಂಪನಿಯ ಮ್ಯಾಡ್ ಡಾಗ್ ಎರಡನೇ ಹಂತ ಎಂಬ ಯೋಜನೆಯದು ಇದಕ್ಕಿಂತ ಸ್ವಾರಸ್ಯದ ಕಥೆ. ಮೊದಲ ನಕ್ಷೆಗೆ 2,000 ಕೋಟಿ ಡಾಲರ್ ದಾಟುವ ಅಂದಾಜು ಬಂದಿತ್ತು. ಆ ನಕ್ಷೆಯನ್ನು ಬದಿಗಿಟ್ಟು ಸರಳವಾಗಿ ಮತ್ತೆ ಬರೆಸಿ, 900 ಕೋಟಿ ಡಾಲರಿಗೆ ಇಳಿಸಿ 2016ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟರು. ತೈಲದ ಬೆಲೆ 110 ಡಾಲರ್ ಇದ್ದ ಕಾಲದಲ್ಲಿ ಇದೇ ಎಂಜಿನಿಯರುಗಳಿಗೆ ಸರಳ ನಕ್ಷೆ ಏಕೆ ಹೊಳೆಯಲಿಲ್ಲ ಎಂದು ಕೇಳಿದರೆ ಉತ್ತರ ಸುಲಭ. ಗಲ್ಲಾ ತುಂಬಿರುವಾಗ ಚೀಟಿಯ ಲೆಕ್ಕ ಯಾರೂ ನೋಡುವುದಿಲ್ಲ.

ಕೊರೆಯುವುದನ್ನೇ ನಿಲ್ಲಿಸಿದರೆ

ಮೂರನೆಯ ಬಗೆಯೇ ಷೇರುದಾರನಿಗೆ ಅಪಾಯದ್ದು, ಏಕೆಂದರೆ ಮೊದಲ ಒಂದೆರಡು ವರ್ಷ ಅದು ಲಾಭದಂತೆ ಕಾಣುತ್ತದೆ.

ಕಿರಾಣಿ ಅಂಗಡಿಯವನು ಆರು ತಿಂಗಳು ಹೊಸ ಸರಕು ತರಿಸದೆ ಗೋದಾಮಿನಲ್ಲಿ ಇದ್ದದ್ದನ್ನೇ ಮಾರಿದರೆ ಗಲ್ಲಾದಲ್ಲಿ ನಗದು ತುಂಬುತ್ತದೆ. ಕೊಳ್ಳುವ ಖರ್ಚಿಲ್ಲ, ಬರುವುದೆಲ್ಲ ಕೈಗೆ. ಅವನು ಶ್ರೀಮಂತನಾದನೆಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ, ಗೋದಾಮಿಗೆ ಹೋಗಿ ನೋಡುತ್ತಾನೆ. ತೈಲ ಕಂಪನಿಯ ಗೋದಾಮು ನೆಲದೊಳಗಿದೆ, ಹೋಗಿ ನೋಡಲು ಬರುವುದಿಲ್ಲ, ವ್ಯತ್ಯಾಸ ಅಷ್ಟೇ. ಜೊತೆಗೆ ಈ ಗೋದಾಮು ತಾನಾಗಿ ಬರಿದಾಗುತ್ತಿರುತ್ತದೆ. ಹಳೆಯ ದೊಡ್ಡ ಕ್ಷೇತ್ರಗಳಲ್ಲಿ ಇಳುವರಿ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಶೇಲ್ ಬಾವಿಯಲ್ಲಿ ಮೊದಲ ವರ್ಷವೇ ಅರ್ಧಕ್ಕಿಂತ ಹೆಚ್ಚು ಕುಗ್ಗಿಬಿಡುತ್ತದೆ. ಆದ್ದರಿಂದ ಶೇಲ್ ಕಂಪನಿ ಉತ್ಪಾದನೆಯನ್ನು ಇದ್ದಲ್ಲೇ ಇಡಬೇಕಾದರೂ ಕೊರೆಯುತ್ತಲೇ ಇರಬೇಕು. ಬೀಜಕ್ಕೆಂದು ಎತ್ತಿಟ್ಟ ಜೋಳವನ್ನು ಬೀಸಿ ರೊಟ್ಟಿ ಮಾಡಿದರೆ ಆ ವರ್ಷ ಊಟಕ್ಕೆ ಕೊರತೆ ಇರುವುದಿಲ್ಲ.

ಡಲ್ಲಾಸ್ ಫೆಡರಲ್ ರಿಸರ್ವ್ ಬ್ಯಾಂಕು ಪ್ರತಿವರ್ಷ ತನ್ನ ಸುತ್ತಲಿನ ತೈಲ ಕಂಪನಿಗಳನ್ನು ಕೇಳಿ ಒಂದು ಸಮೀಕ್ಷೆ ಪ್ರಕಟಿಸುತ್ತದೆ. 2025ರ ಸಮೀಕ್ಷೆಯಲ್ಲಿ ಎರಡು ಅಂಕಿಗಳಿವೆ. ಈಗಾಗಲೇ ಇರುವ ಬಾವಿಯನ್ನು ನಡೆಸುವ ಖರ್ಚು ಹುಟ್ಟಲು ಬ್ಯಾರೆಲಿಗೆ ಸರಾಸರಿ 41 ಡಾಲರ್ ಸಾಕು. ಹೊಸ ಬಾವಿ ಕೊರೆದು ಅಸಲು ಹುಟ್ಟಬೇಕಾದರೆ ಸರಾಸರಿ 65 ಡಾಲರ್ ಬೇಕು. ಬೆಲೆ ಈ ಎರಡರ ನಡುವೆ ನಿಂತರೆ ಕಂಪನಿ ಏನು ಮಾಡುತ್ತದೆ? ಹಳೆಯ ಬಾವಿ ನಡೆಸುತ್ತದೆ, ಹೊಸದನ್ನು ಮುಂದೂಡುತ್ತದೆ. ಆ ವರ್ಷ ನಗದು ಚೆನ್ನಾಗಿ ಬರುತ್ತದೆ, ಡಿವಿಡೆಂಡ್ ಕೂಡ ಬರಬಹುದು. 'ಖರ್ಚು ಹತೋಟಿಯಲ್ಲಿದೆ' ಎಂಬ ಪ್ರಕಟಣೆಯೂ ಸುಳ್ಳಲ್ಲ.

ಇದನ್ನು ಪತ್ತೆ ಹಚ್ಚಲು ಒಂದು ಅಳತೆ ಇದೆ. ಒಂದು ವರ್ಷದಲ್ಲಿ ಎಷ್ಟು ತೈಲ ಮತ್ತು ಅನಿಲ ತೆಗೆದರು, ಅದೇ ವರ್ಷ ಹೊಸದಾಗಿ ಎಷ್ಟು ನಿಕ್ಷೇಪ ಸೇರಿಸಿದರು ಎಂಬುದರ ಅನುಪಾತ. ನೂರು ಬ್ಯಾರೆಲ್ ತೆಗೆದು ನೂರು ಸೇರಿಸಿದರೆ ಅನುಪಾತ ಒಂದು. ಒಂದಕ್ಕಿಂತ ಕಡಿಮೆ ಇದ್ದರೆ ಗೋದಾಮು ಇಳಿಯುತ್ತಿದೆ ಎಂದರ್ಥ. ಒಂದು ವರ್ಷದ ಅಂಕಿ ನೋಡಿದರೆ ಸಾಲದು, ಐದು ವರ್ಷದ್ದು ನೋಡಬೇಕು. ಈ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2004ರ ಜನವರಿಯಲ್ಲಿ ಶೆಲ್ ಕಂಪನಿ ತನ್ನ ಖಚಿತ ನಿಕ್ಷೇಪಗಳಲ್ಲಿ ಸುಮಾರು ಶೇ. 20ರಷ್ಟು, 390 ಕೋಟಿ ಬ್ಯಾರೆಲ್, ಆ ವರ್ಗಕ್ಕೆ ಸೇರುವುದಿಲ್ಲ ಎಂದು ಪ್ರಕಟಿಸಿತು. ಎರಡು ತಿಂಗಳಲ್ಲಿ ಅಧ್ಯಕ್ಷ ಫಿಲಿಪ್ ವಾಟ್ಸ್ ಹುದ್ದೆ ಬಿಡಬೇಕಾಯಿತು.

ಲೆಕ್ಕಪುಸ್ತಕದಲ್ಲಿ ಎಲ್ಲಿ ಕಾಣುತ್ತದೆ

ಹೆಚ್ಚಿನ ಷೇರುದಾರರು ನೋಡುವುದು ಲಾಭ-ನಷ್ಟದ ಪಟ್ಟಿಯ ಕೊನೆಯ ಸಾಲು. ಬಾವಿ ಖರ್ಚು ಅಲ್ಲಿ ನೇರವಾಗಿ ಕಾಣುವುದಿಲ್ಲ. ತೈಲ ಸಿಕ್ಕ ಬಾವಿಯ ಖರ್ಚನ್ನು ಕಟ್ಟಡ, ಯಂತ್ರದಂತೆ ಆಸ್ತಿ ಎಂದು ಬರೆದುಕೊಳ್ಳುತ್ತಾರೆ, ತೈಲ ತೆಗೆದಂತೆ ತೆಗೆದಂತೆ ವರ್ಷವರ್ಷ ಸವಕಳಿ ಹಾಕುತ್ತಾರೆ. ಆದ್ದರಿಂದ ಈ ವರ್ಷ ಅಗ್ಗಕ್ಕೆ ಕೊರೆದ ಬಾವಿಯ ಪ್ರಯೋಜನ ಲಾಭದಲ್ಲಿ ಬರುವುದು ಮುಂದಿನ ಹಲವು ವರ್ಷಗಳಲ್ಲಿ. ನಗದು ಹರಿವಿನ ಪಟ್ಟಿಯಲ್ಲಿ ಮಾತ್ರ ಅದು ಕೂಡಲೇ ಕಾಣುತ್ತದೆ. ತೈಲ ಕಂಪನಿಯ ವರದಿಯಲ್ಲಿ ಮೊದಲು ಓದಬೇಕಾದ ಪುಟ ಅದು.

ಹುಡುಕಾಟದ ಬಾವಿ ಬರಿದಾದರೆ ನಿಯಮ ಬೇರೆ. ಓಎನ್‌ಜಿಸಿ ಸೇರಿದಂತೆ ಅನೇಕ ಕಂಪನಿಗಳು ಅನುಸರಿಸುವ ಪದ್ಧತಿಯಲ್ಲಿ ಫೇಲಾದ ಬಾವಿಯ ಖರ್ಚನ್ನು ನಷ್ಟಕ್ಕೆ ಬರೆದು ಮುಗಿಸಬೇಕು. ಇದರ ವಿಚಿತ್ರ ಪರಿಣಾಮ ಏನೆಂದರೆ, ಧೈರ್ಯ ಮಾಡಿ ಹೊಸ ಜಾಗ ಹುಡುಕುವ ಕಂಪನಿಯ ಲಾಭ ಕಡಿಮೆ ಕಾಣುತ್ತದೆ, ಹುಡುಕುವುದನ್ನು ನಿಲ್ಲಿಸಿದ ಕಂಪನಿಯ ಲಾಭ ಆ ವರ್ಷ ಏರುತ್ತದೆ. ಕೊನೆಯ ಸಾಲನ್ನು ಮಾತ್ರ ಓದುವವರಿಗೆ ಎರಡನೆಯದೇ ಚೆನ್ನಾಗಿ ನಡೆಯುತ್ತಿರುವ ಕಂಪನಿ.

ಉಳಿಸಬಾರದ ಕಡೆ ಉಳಿಸಿದಾಗ

2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯ ಮಕೊಂಡೊ ಬಾವಿ ಸ್ಫೋಟಿಸಿತು. ಅದನ್ನು ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್‌ನ ಹನ್ನೊಂದು ಮಂದಿ ಸತ್ತರು. ಬಾವಿಯ ಸಿಮೆಂಟು ಸರಿಯಾಗಿ ಹಿಡಿದಿದೆಯೇ ಎಂದು ಪರೀಕ್ಷಿಸುವ ತಂಡ ರಿಗ್‌ಗೆ ಬಂದಿತ್ತು. ಪರೀಕ್ಷೆ ಬೇಡವೆಂದು ಅದೇ ದಿನ ಬೆಳಿಗ್ಗೆ ಅವರನ್ನು ವಾಪಸ್ ಕಳುಹಿಸಲಾಗಿತ್ತು. ಆ ಪರೀಕ್ಷೆಯ ಪೂರ್ತಿ ಖರ್ಚು ಸುಮಾರು 1,28,000 ಡಾಲರ್. ಪೈಪನ್ನು ಬಾವಿಯ ನಡುಮಧ್ಯಕ್ಕೆ ಹಿಡಿದಿಡುವ ಬಳೆಗಳು 21 ಇರಬೇಕೆಂದು ಲೆಕ್ಕ ಹೇಳಿತ್ತು, ಹಾಕಿದ್ದು 6. ಅಮೆರಿಕ ಅಧ್ಯಕ್ಷರು ನೇಮಿಸಿದ ಆಯೋಗ 2011ರಲ್ಲಿ ಕೊಟ್ಟ ವರದಿಯಲ್ಲಿ, ಅಪಾಯ ಹೆಚ್ಚಿಸಿದ ಅನೇಕ ತೀರ್ಮಾನಗಳು ಕಂಪನಿಗಳಿಗೆ ಸಮಯವನ್ನೂ ಹಣವನ್ನೂ ಉಳಿಸಿದ್ದವು ಎಂದು ಹೇಳಿದೆ.

ಬಿಪಿಗೆ ಅದರಿಂದ ಬಿದ್ದ ಒಟ್ಟು ಖರ್ಚು 6,500 ಕೋಟಿ ಡಾಲರ್ ಆಸುಪಾಸು. ಎರಡು ತಿಂಗಳೊಳಗೆ ಷೇರಿನ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಜೂನ್‌ನಲ್ಲಿ ಡಿವಿಡೆಂಡ್ ನಿಲ್ಲಿಸಿದರು. ಮರುವರ್ಷ ಆರಂಭಿಸಿದಾಗ ಕೊಟ್ಟದ್ದು ಮೊದಲಿನ ಅರ್ಧ.

ಭಾರತದಲ್ಲೂ ಬಾವಿ ಸಿಡಿದ ಘಟನೆ ಹಳೆಯದಲ್ಲ. 2020ರ ಮೇ 27ರಂದು ಅಸ್ಸಾಮಿನ ಬಾಘಜಾನ್‌ನಲ್ಲಿ ಆಯಿಲ್ ಇಂಡಿಯಾದ ಅನಿಲ ಬಾವಿ ಸಿಡಿಯಿತು. ಜೂನ್ 9ರಂದು ಬೆಂಕಿ ಹತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಬೆಂಕಿ ಪೂರ್ತಿ ಆರಿದ್ದು ನವೆಂಬರಿನಲ್ಲಿ. ಪಕ್ಕದ ಮಾಗುರಿ-ಮೋಟಾಪುಂಗ್ ಕೆರೆಯ ಮೀನು, ಹಕ್ಕಿ, ಸಣ್ಣ ಜೀವಗಳ ಸಾವಿಗೆ ಲೆಕ್ಕ ಇಟ್ಟವರಾರು?

ಶ್ರಾವಕರಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಹನ್ನೆರಡನೇ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳ ಪಟ್ಟಿ ಇದೆ. ಅದರಲ್ಲಿ ಭೂಮಿ ಅಗೆದು ಬದುಕುವ ಸ್ಫೋಟಜೀವಿಕೆಯೂ ಒಂದು. ಗೃಹಸ್ಥನ ದುಡಿಮೆಯಲ್ಲಿ ತಪ್ಪಿಸಲಾಗದ ಉದ್ಯೋಗಿ ಹಿಂಸೆಯನ್ನು ಸಂಕಲ್ಪಿ ಹಿಂಸೆಯಿಂದ ಬೇರ್ಪಡಿಸಿ ಹೇಳುವ ಕ್ರಮವೂ ಇದೆ. ತೈಲ ಕಂಪನಿಯ ನೂರು ಷೇರು ಇಟ್ಟುಕೊಂಡವನು ಯಾವ ಸಾಲಿಗೆ ಸೇರುತ್ತಾನೆ ಎಂಬುದನ್ನು ವ್ರತ ತೆಗೆದುಕೊಂಡವರು ತಮ್ಮ ಗುರುಗಳ ಬಳಿಯೇ ಕೇಳಿ ತಿಳಿಯಬೇಕು, ಷೇರು ದಲ್ಲಾಳಿಯ ಬಳಿ ಅಲ್ಲ. ಒಂದು ಮಾತ್ರ ಸ್ಪಷ್ಟ. ಸುರಕ್ಷತೆಯ ಖರ್ಚು ಕತ್ತರಿಸಿ ತೋರಿಸಿದ ಲಾಭದಲ್ಲಿ ತಪ್ಪಿಸಬಹುದಾಗಿದ್ದ ಹಿಂಸೆ ಸೇರಿದೆ. ಅದು ವ್ರತದ ದೃಷ್ಟಿಯಿಂದಲೂ ಕೆಟ್ಟದ್ದು, ಮಕೊಂಡೊ ತೋರಿಸಿದಂತೆ ವ್ಯಾಪಾರದ ದೃಷ್ಟಿಯಿಂದಲೂ ಕೆಟ್ಟದ್ದು. ವಾರ್ಷಿಕ ವರದಿಯಲ್ಲಿ ಅಪಘಾತ, ಸಾವುನೋವುಗಳ ಪುಟವನ್ನು ದಾಟಿಸಿ ಹೋಗಬಾರದು.

ಉಳಿದ ಹಣ ಯಾರಿಗೆ?

ನಿಜವಾಗಿ ಉಳಿದ ಹಣವೂ ಷೇರುದಾರನಿಗೇ ಬರುತ್ತದೆಂಬ ಖಾತ್ರಿ ಇಲ್ಲ. ಕೊನೊಕೊಫಿಲಿಪ್ಸ್ ಖರ್ಚು ಇಳಿಸುತ್ತಲೇ ಇತ್ತು, ಆದರೂ 2016ರ ಫೆಬ್ರವರಿಯಲ್ಲಿ ತ್ರೈಮಾಸಿಕ ಡಿವಿಡೆಂಡನ್ನು 74 ಸೆಂಟಿನಿಂದ 25ಕ್ಕೆ ಇಳಿಸಿತು. ಎರಡನೇ ಮಹಾಯುದ್ಧದ ನಂತರ ಒಮ್ಮೆಯೂ ಡಿವಿಡೆಂಡ್ ಕಡಿಮೆ ಮಾಡದ ಶೆಲ್, 2020ರ ಏಪ್ರಿಲ್ 30ರಂದು 47 ಸೆಂಟನ್ನು 16ಕ್ಕೆ ಇಳಿಸಿತು. ಸಾಲದ ಮೇಲೆ ನಿಂತ ಚೆಸಪೀಕ್ ಕಂಪನಿ 2020ರ ಜೂನ್‌ನಲ್ಲಿ ದಿವಾಳಿಯಾಯಿತು. ಅಗ್ಗವಾಗಿ ಶೇಲ್ ಬಾವಿ ಕೊರೆಯುವುದರಲ್ಲಿ ಅದಕ್ಕಿದ್ದ ಹೆಸರು ಸಾಲಗಾರರ ಮುಂದೆ ಕೆಲಸಕ್ಕೆ ಬರಲಿಲ್ಲ. ಬೆಲೆ ಬಿದ್ದಾಗ ಉಳಿತಾಯ ಮೊದಲು ಹೋಗುವುದು ಬಡ್ಡಿಗೆ.

ಭಾರತದ ಮಟ್ಟಿಗೆ ಇನ್ನೊಬ್ಬ ಪಾಲುದಾರ ಇದ್ದಾನೆ, ಸರ್ಕಾರ. ಬೆಲೆ ಏರಿದಾಗ ಲಾಭ ಪೂರ್ತಿ ಕಂಪನಿಯಲ್ಲಿ ಉಳಿಯುವುದಿಲ್ಲ. 2022ರ ಜುಲೈ 1ರಂದು ದೇಶದೊಳಗೆ ತೆಗೆದ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿ ವಿಶೇಷ ತೆರಿಗೆ ಬಂತು. ದರ ಆಗಾಗ ಬದಲಾಗಿ, 2024ರ ಡಿಸೆಂಬರಿನಲ್ಲಿ ಅದನ್ನು ತೆಗೆದರು. 2018ರ ಜನವರಿಯಲ್ಲಿ ಓಎನ್‌ಜಿಸಿ 36,915 ಕೋಟಿ ರೂಪಾಯಿ ಕೊಟ್ಟು ಎಚ್‌ಪಿಸಿಎಲ್‌ನಲ್ಲಿದ್ದ ಸರ್ಕಾರದ ಪಾಲನ್ನು ಕೊಂಡಿತು. ಬಾವಿಗಳಲ್ಲಿ ಎಷ್ಟು ಉಳಿಸಿದರೆ ಅಷ್ಟು ಮೊತ್ತ ಕೂಡೀತು ಎಂದು ಷೇರುದಾರರು ಲೆಕ್ಕ ಹಾಕಿ ನೋಡಬಹುದು. ಗೋದಾಮಿನ ಸ್ಥಿತಿಯೂ ಗಮನಿಸಬೇಕಾದದ್ದೇ. ದೇಶದ ಕಚ್ಚಾ ತೈಲ ಉತ್ಪಾದನೆ 2011-12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದದ್ದು 2023-24ರಲ್ಲಿ ಸುಮಾರು 2.9 ಕೋಟಿ ಟನ್‌ಗೆ ಇಳಿದಿದೆ. 1974ರಲ್ಲಿ ಪತ್ತೆಯಾದ ಮುಂಬೈ ಹೈ ಇಂದಿಗೂ ಮುಖ್ಯ ಕ್ಷೇತ್ರ. ಅದಕ್ಕೆ ವಯಸ್ಸಾಗಿದೆ. ಇಳುವರಿ ಹೆಚ್ಚಿಸಲು ಓಎನ್‌ಜಿಸಿ 2025ರ ಆರಂಭದಲ್ಲಿ ಬಿಪಿಯನ್ನು ತಾಂತ್ರಿಕ ಸೇವೆಗೆ ಆರಿಸಿಕೊಂಡಿದೆ. ಇಂಥ ಕಂಪನಿಯಲ್ಲಿ ಬಾವಿ ಖರ್ಚು ತಟ್ಟನೆ ಇಳಿದ ಸುದ್ದಿ ಬಂದರೆ, ಬಾವಿ ಅಗ್ಗವಾಯಿತೋ ಬಾವಿಗಳ ಸಂಖ್ಯೆ ಕಡಿಮೆಯಾಯಿತೋ ಎಂದು ಮೊದಲು ಕೇಳಬೇಕು. ಒಟ್ಟು ಖರ್ಚನ್ನು ಕೊರೆದ ಬಾವಿಗಳ ಸಂಖ್ಯೆಯಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ.

ಕರಾವಳಿಯ ಓದುಗರಲ್ಲಿ ಒಂದು ಗೊಂದಲ ಸಾಮಾನ್ಯ. ಮಂಗಳೂರಿನ ಎಂಆರ್‌ಪಿಎಲ್ 2003ರಿಂದ ಓಎನ್‌ಜಿಸಿಯ ಕೈಯಲ್ಲಿದೆ, ಆದರೆ ಅದು ಬಾವಿ ಕೊರೆಯುವ ಕಂಪನಿ ಅಲ್ಲ, ಕಚ್ಚಾ ತೈಲ ಕೊಂಡು ಶುದ್ಧೀಕರಿಸುವ ಕಾರ್ಖಾನೆ. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್‌ಗಳದ್ದೂ ಮುಖ್ಯವಾಗಿ ಶುದ್ಧೀಕರಣ ಮತ್ತು ಮಾರಾಟದ ವ್ಯಾಪಾರ. ಕೊರೆಯುವ ಖರ್ಚಿನ ಸುದ್ದಿ ನೇರವಾಗಿ ತಟ್ಟುವುದು ಓಎನ್‌ಜಿಸಿ, ಆಯಿಲ್ ಇಂಡಿಯಾದಂಥವರಿಗೆ. ರಿಗ್ ಬಾಡಿಗೆಗೆ ಕೊಡುವ ಕಂಪನಿಗಳಿಗೆ ಅದೇ ಸುದ್ದಿ ತಿರುವುಮುರುವು. ಮೂರನ್ನೂ 'ತೈಲ ಷೇರು' ಎಂಬ ಒಂದೇ ಮೂಟೆಯಲ್ಲಿ ಕಟ್ಟಿ ಕೊಳ್ಳುವವರು ಕೊನೆಗೆ ಯಾವುದರಿಂದ ನಷ್ಟವಾಯಿತೆಂದು ತಿಳಿಯದೆ ಕೂರುತ್ತಾರೆ.

ಕಂಪನಿಯ ಷೇರು ಬೇರೆ, ತೈಲದ ಸಟ್ಟಾ ಬೇರೆ ಎಂಬುದನ್ನೂ ಹೇಳಬೇಕು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲ ವಾಯಿದೆಯ ಬೆಲೆ ಸೊನ್ನೆಗಿಂತ ಕೆಳಗೆ, ಬ್ಯಾರೆಲಿಗೆ ಮೈನಸ್ 37.63 ಡಾಲರಿಗೆ ಮುಕ್ತಾಯವಾಯಿತು. ಲಾಕ್‌ಡೌನ್ ಕಾರಣ ಮುಂಬೈಯ ಎಂಸಿಎಕ್ಸ್ ಆ ದಿನ ಸಂಜೆ 5ಕ್ಕೇ ಮುಚ್ಚಿತ್ತು, ಆಗಿನ ಬೆಲೆ ಸುಮಾರು 965 ರೂಪಾಯಿ. ಲೆಕ್ಕ ತೀರಿಸಿದ್ದು ಮೈನಸ್ 2,884 ರೂಪಾಯಿಯಲ್ಲಿ. ನೂರು ಬ್ಯಾರೆಲಿನ ಒಂದು ಲಾಟ್ ಕೊಂಡಿಟ್ಟು ಮಲಗಿದವನಿಗೆ ಬೆಳಗಾಗುವಷ್ಟರಲ್ಲಿ 3,80,000 ರೂಪಾಯಿಗೂ ಮಿಕ್ಕಿ ನಷ್ಟ. ಷೇರು ಸೊನ್ನೆಗೆ ಇಳಿಯಬಹುದು, ಅದರ ಕೆಳಗೆ ಇಳಿದು ಮನೆಯಿಂದ ಹಣ ಕೇಳುವುದಿಲ್ಲ.

ಬಸದಿ, ಪಾಠಶಾಲೆ, ಗೋಶಾಲೆಗಳ ಟ್ರಸ್ಟ್ ಹಣದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಜೀರ್ಣೋದ್ಧಾರಕ್ಕೆಂದು ಬಂದ ದೇಣಿಗೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಮಲಗಿದೆ, ಒಳ್ಳೆಯ ಡಿವಿಡೆಂಡ್ ಕೊಡುವ ತೈಲ ಷೇರಿನಲ್ಲಿ ಹಾಕೋಣ ಎಂಬ ಸಲಹೆ ಸಭೆಗಳಲ್ಲಿ ಬರುವುದುಂಟು. ಧಾರ್ಮಿಕ ಮತ್ತು ದತ್ತಿ ಟ್ರಸ್ಟುಗಳು ಹಣವನ್ನು ಎಲ್ಲೆಲ್ಲಿ ಇಡಬಹುದು ಎಂಬುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ಪಟ್ಟಿ ಇದೆ. ಖಾಸಗಿ ಕಂಪನಿಗಳ ಷೇರಿಗೆ ಅದರಲ್ಲಿ ಸಾಮಾನ್ಯವಾಗಿ ಜಾಗವಿಲ್ಲ, ಸರ್ಕಾರಿ ಕಂಪನಿಗಳ ವಿಷಯಕ್ಕೆ ಬೇರೆ ನಿಯಮ ಇದೆ. ಪಟ್ಟಿಯ ಹೊರಗೆ ಹೂಡಿದರೆ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ. ಹೂಡುವ ಮೊದಲು ಆಡಿಟರ ಅಭಿಪ್ರಾಯವನ್ನು ಬರಹದಲ್ಲಿ ಪಡೆದು, ಅದನ್ನು ಕಮಿಟಿಯ ಮುಂದೆ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿಡಬೇಕು.